ಕುಣಿಗಲ್ ರಸ್ತೆಯ ಕೆಂಪು

ಫೆಬ್ರವರಿ ಒಂಬತ್ತು, ಭಾನುವಾರ. ಬೆಳಿಗ್ಗೆ ಒಂಬತ್ತೂ ಇಪ್ಪತ್ತು. ನನ್ನ ಕಾಯಿಲೆ ಶುರುವಾದದ್ದು ಆಗ.

ತುಮಕೂರಿನಿಂದ ಕುಣಿಗಲ್ಲಿನ ಗೆಳತಿಯ ಮನೆಗೆ ಸ್ಕೂಟರಿನಲ್ಲಿ ಹೊರಟಿದ್ದೆ. ಮುಂದೆ ಒಂದು ಬಿಳಿ ಕಾರು. ಅಡ್ಡ ಬಂದ ನಾಯಿಯನ್ನು ತಪ್ಪಿಸಲು ಅದು ಸರಕ್ಕನೆ ಎಡಕ್ಕೆ ತಿರುಗಿತು. ಹಳ್ಳಕ್ಕಿಳಿಯಿತು. ಮಗ್ಗುಲಿಗೆ ಉರುಳಿತು.

ಹಿಂದೆ ಬರುತ್ತಿದ್ದ ಲಾರಿಯ ಡ್ರೈವರ್ ಹಾರಿ ಇಳಿದು, ಜಾಕಿ ರಾಡಿನಿಂದ ಗಾಜು ಒಡೆದರು. "ಬಾರವ್ವಾ, ನೋಡ್ತಾ ನಿಂತ್ಕೋಬೇಡ, ಕೈ ಕೊಡು!" ಎಂದು ನನ್ನನ್ನೂ ಕರೆದರು. ಎಣಿಸುವುದು ನನ್ನ ಅಭ್ಯಾಸ. ಅಂಥ ಹೊತ್ತಿನಲ್ಲೂ ಹೊರಬಂದವರನ್ನು ಎಣಿಸಿದೆ. ಒಬ್ಬ ಗಂಡಸು. ಒಬ್ಬಳು ಹೆಂಗಸು. ಒಬ್ಬರು ಅಜ್ಜಿ. ಅಜ್ಜಿ ತಮ್ಮ ತೋಳಿನಲ್ಲಿದ್ದ ಬಟ್ಟೆಯ ಗಂಟನ್ನು ನನ್ನ ಕೈಗಿತ್ತರು. ಒಳಗೆ ಹಸುಗೂಸು.

ಬಟ್ಟೆ ಪೂರ್ತಿ ಕೆಂಪಾಗಿತ್ತು.

ಮಗು ಅಳಲಿಲ್ಲ. ಯಾರೋ ಅದನ್ನು ನನ್ನಿಂದ ತೆಗೆದುಕೊಂಡರು. ನಾನು ಅಲ್ಲೇ ಕುಸಿದೆ. ಕಣ್ಣು ಬಿಟ್ಟಾಗ ಆಂಬುಲೆನ್ಸೂ ಇರಲಿಲ್ಲ, ಲಾರಿಯೂ ಇರಲಿಲ್ಲ. ಮಗು ಏನಾಯಿತೆಂದು ನಿಂತಿದ್ದವರಿಗೂ ಗೊತ್ತಿರಲಿಲ್ಲ. ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಮನೆಗೆ ಹೇಗೋ ಬಂದು, ಕೆಂಪಾದ ಕುರ್ತಾವನ್ನು ಅಮ್ಮನ ಕಣ್ಣಿಗೆ ಬೀಳದಂತೆ ಕವರಿನಲ್ಲಿ ಸುತ್ತಿ ಕಸದ ಗಾಡಿಗೆ ಹಾಕಿದೆ.

ಮರುದಿನದಿಂದ ಬಲಗೈ ನಡುಗತೊಡಗಿತು. ಬ್ರೇಕಿನ ಸದ್ದು ಕೇಳಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಬೀಟ್‌ರೂಟ್ ಪಲ್ಯ ನೋಡಿ ವಾಂತಿ ಮಾಡಿದೆ. ಗುಬ್ಬಿಯ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ನನ್ನ ಕೆಲಸ. ನಡುಗುವ ಕೈಯಲ್ಲಿ ಆಸಿಡ್ ಹಿಡಿಯುವುದುಂಟೆ? ರಜೆ ಹಾಕಿದೆ. ದೃಷ್ಟಿಯಾಗಿದೆಯೆಂದು ಅಮ್ಮ ತಟ್ಟೆಯಲ್ಲಿ ಕೆಂಪು ನೀರು ಮಾಡಿ ನಿವಾಳಿಸಲು ಬಂದಳು. ನಾನು ಕಿರುಚಿ ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡೆ.

"ಎಷ್ಟು ದೃಷ್ಟಿಯಾಗಿದೆ ನೋಡು, ನೀರು ಕಂಡ್ರೇ ಓಡ್ತೀಯಲ್ಲೇ!" ಎಂದಳು ಅಮ್ಮ ಹೊರಗಿನಿಂದ.

ಕೊನೆಗೆ ನಡೆದದ್ದನ್ನೆಲ್ಲ ಅಮ್ಮನಿಗೂ ಡಾಕ್ಟರಿಗೂ ಹೇಳಿದೆ. ಡಾಕ್ಟರ್ ಬಿ.ಪಿ. ನೋಡಿದರು, ಇ.ಸಿ.ಜಿ. ಮಾಡಿಸಿದರು. ಎಲ್ಲ ನಾರ್ಮಲ್. "ಅಕ್ಯೂಟ್ ಸ್ಟ್ರೆಸ್ ರಿಯಾಕ್ಷನ್" ಎಂದು ಚೀಟಿಯಲ್ಲಿ ಬರೆದು, ಪೆನ್ನು ಕೆಳಗಿಟ್ಟು ಕೇಳಿದರು: "ಆ ಮಗು ಏನಾಯ್ತು?"

"ಗೊತ್ತಿಲ್ಲ ಮೇಡಂ."

"ತಿಳ್ಕೋಬೇಕು ಅನ್ಸುತ್ತಾ?"

"ಭಯ ಆಗುತ್ತೆ."

"ಒಬ್ರೇ ಹೋಗ್ಬೇಡಿ. ಅಮ್ಮನ್ನ ಕರ್ಕೊಂಡು ಹೋಗಿ."

ಕೆಟ್ಟದ್ದು ಗೊತ್ತಾದರೆ ಒಂದು ದಿನ ಅತ್ತು ಮುಗಿಸಬಹುದು. ಗೊತ್ತಿಲ್ಲದ್ದನ್ನು ದಿನಾ ಹೊಸದಾಗಿ ಅಳಬೇಕಾಗುತ್ತದೆ. ಎರಡು ವಾರ ಕಳೆದ ಮೇಲೆ ಅಮ್ಮನ ಕೈ ಹಿಡಿದು ಕುಣಿಗಲ್ ಬಸ್ಸು ಹತ್ತಿದೆ. ಕಾರು ಬಿದ್ದ ಜಾಗದ ಹತ್ತಿರ ಒಂದು ಟೀ ಅಂಗಡಿ. ಕೇಳುವ ಧೈರ್ಯ ನನಗಾಗಲಿಲ್ಲ. ಅಮ್ಮ ಕೇಳಿದಳು.

"ಆ ಮಗೂನಾ? ಹುಲಿಯೂರುದುರ್ಗದ್ದು ಕಣವ್ವಾ," ಎಂದಳು ಅಂಗಡಿಯಾಕೆ ಲೋಟ ತೊಳೆಯುತ್ತ. "ಹೋದ್ವಾರ ಮಗೂನ ಆಸ್ಪತ್ರೆಗೆ ತೋರ್ಸ್ಕೊಂಡು ಬರೋವಾಗ ಅವ್ರ ಮನೆಯೋರು ಇಲ್ಲೇ ನಿಲ್ಸಿ ಟೀ ಕುಡುದ್ರು. ಏನ್ ಕಿರುಚ್ತದೆ ಅಂತೀಯ! ನನ್ ಗಿರಾಕಿಗಳೆಲ್ಲ ಎದ್ದೋದ್ರು."

ಕಿರುಚುತ್ತದೆ!

ಇನ್ನೊಂದು ಸಲ ಹೇಳಿ ಎಂದೆ. ಆಕೆ ಹೇಳಿದಳು. ಮನೆಯ ಗುರುತನ್ನೂ ಹೇಳಿದಳು. ಟೀ ಕುಡಿದು, ಹುಲಿಯೂರುದುರ್ಗದ ಬಸ್ಸು ಹಿಡಿದೆವು.

ಬಾಗಿಲು ತೆರೆದ ಅಜ್ಜಿಗೆ ಮುಂದಿನ ಎರಡು ಹಲ್ಲಿರಲಿಲ್ಲ. "ಬುಡು, ಹೆಂಗೂ ಅಳ್ಳಾಡ್ತಿದ್ವು," ಎಂದು ನಕ್ಕರು. ಅವರ ಮಗನ ಕಾಲರ್ ಬೋನ್ ಕೂಡಿಕೊಳ್ಳುತ್ತಿದೆ. ಸೊಸೆಗೆ ತರಚು ಗಾಯ ಅಷ್ಟೇ. ಮಗುವಿಗೆ ಏನೂ ಆಗಿರಲಿಲ್ಲ.

"ಮತ್ತೆ ಆ ರಕ್ತ?" ಎಂದೆ.

"ಯಾವ ರಕ್ತ? ಅಯ್ಯೋ ನನ್ ಕಂದಾ, ಅದು ಆರತಿ ನೀರು ಕಣೇ!"

ಅಂದು ಬಾಣಂತಿ ಸೊಸೆಯನ್ನೂ ಮೊಮ್ಮಗುವನ್ನೂ ತುಮಕೂರಿನ ಆಸ್ಪತ್ರೆಯಿಂದ ಮೊದಲ ಸಲ ಮನೆಗೆ ಕರೆತರುತ್ತಿದ್ದರು. ಹೊಸಿಲಲ್ಲಿ ಆರತಿಯಾಗಬೇಕು. "ಮನೇಲಿ ನನ್ ಮಗಳಿದ್ಲು. ಅವ್ಳು ಕದಡಿದ್ರೆ ಮಜ್ಜಿಗೆ ಹುಳಿ ಆಯ್ತದೆ. ಅದ್ಕೇ ನಾನೇ ಅರಿಶಿನ, ಸುಣ್ಣ ಕದಡಿ, ದೊಡ್ಡ ಬಾಟ್ಲಿಗೆ ತುಂಬ್ಕೊಂಡು ಮಡಿಲಲ್ಲಿ ಮಡಿಕ್ಕೊಂಡಿದ್ದೆ. ಕಾರು ಉರುಳ್ದಾಗ ಮುಚ್ಳ ಹಾರಿ ಎಲ್ಲಾ ಮಗೂ ಬಟ್ಟೆ ಮ್ಯಾಲೆ ಸುರೀತು."

"ಆದ್ರೆ ಮಗು ಅಳ್ಲೇ ಇಲ್ವಲ್ಲಾ?"

"ನಿದ್ದೇಲಿತ್ತು! ಥೇಟ್ ಅದ್ರ ತಾತ."

ಅಮ್ಮ ಗೋಡೆ ಹಿಡಿದುಕೊಂಡು ನಕ್ಕಳು. "ಆ ಕುರ್ತಾ ನಂಗೆ ತೋರ್ಸಿದ್ರೆ ಅವತ್ತೇ ಹೇಳ್ತಿದ್ದೆನಲ್ಲೇ!" ಸುಣ್ಣ ಬಿದ್ದರೆ ಅರಿಶಿನ ಕೆಂಪಾಗುತ್ತದೆಂದು ಲ್ಯಾಬಿನಲ್ಲಿ ಪ್ರತಿವರ್ಷ ಹುಡುಗರಿಗೆ ತೋರಿಸುವವಳು ನಾನೇ. ನಾನೂ ನಕ್ಕೆ. ನಗುತ್ತಲೇ ಅತ್ತೆ. ಮಗು ಎದ್ದಿತು, ಅಂಗಡಿಯಾಕೆ ಹೇಳಿದ್ದು ಸುಳ್ಳಲ್ಲವೆಂದು ತೋರಿಸಿತು. ಎತ್ತಿಕೊಂಡೆ. ಕೈ ನಡುಗಲಿಲ್ಲ.

ಪೂರ್ತಿ ವಾಸಿಯಾಗಿದ್ದೇನೆ ಎನ್ನಲಾರೆ. ಸ್ಕೂಟರಿನಲ್ಲಿ ಗುಬ್ಬಿಗೆ ಹೋಗಿಬರುತ್ತಿದ್ದೇನೆ; ಈ ವಾರ ಎದೆ ಹೊಡೆದುಕೊಂಡದ್ದು ಎರಡೇ ಸಲ. ಬೀಟ್‌ರೂಟ್ ತಿನ್ನುತ್ತಿದ್ದೇನೆ.

ಒಂದು ಮಾತ್ರ ಉಳಿದಿದೆ. ಗಾಜು ಒಡೆದ ಆ ಲಾರಿ ಡ್ರೈವರ್ ಹೆಸರು ಹೇಳದೆ ಹೋದರು. ನಡುವಯಸ್ಸು, ನೀಲಿ ಅಂಗಿ, ಲಾರಿಯಲ್ಲಿ ತೆಂಗಿನಕಾಯಿ ಲೋಡು. ನಾನು ಕಂಡದ್ದು ಇಷ್ಟೇ. ಅವರನ್ನು ಬಲ್ಲವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಬರೆದು ತಿಳಿಸಿ. ಮಗುವಿಗೆ ಇನ್ನೂ ಹೆಸರಿಟ್ಟಿಲ್ಲ; ನಾಮಕರಣಕ್ಕೆ ಅವರು ಬರಲೆಂದು ಕಾಯುತ್ತಿದ್ದಾರೆ. ಅವರು ಹೊಸಿಲಿಗೆ ಬಂದು ನಿಂತರೆ ಅಜ್ಜಿ ತಾವೇ ಆರತಿ ನೀರು ಕದಡುತ್ತಾರಂತೆ.