ಪಾಲಿಶಿನವನ ಲವಂಗ

ನಾನು ಪಾಠ ಹೇಳುತ್ತಿದ್ದ ಶಾಲೆಯ ಮೇಜುಗಳಿಗೆ ಹೊಳಪು ಕೊಡುತ್ತಿದ್ದವನನ್ನು ನಾವೆಲ್ಲ ಪಾಲಿಶಿನವನು ಎಂದೇ ಕರೆಯುತ್ತಿದ್ದೆವು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯ ಉಂಡೆಗೆ ಬಟ್ಟೆ ಸುತ್ತಿ, ಅದರಲ್ಲಿ ಅದ್ದಿ ಮರದ ಮೇಲೆ ಸುತ್ತುಸುತ್ತಾಗಿ ಉಜ್ಜುತ್ತಿದ್ದ. ಸಂಜೆಯ ಹೊತ್ತಿಗೆ ಮೇಜಿನೊಳಗೆ ಕಿಟಕಿಯ ಸರಳುಗಳು ಕಾಣುತ್ತಿದ್ದವು. ನಮ್ಮ ಮುಖ್ಯೋಪಾಧ್ಯಾಯರು ತಮ್ಮ ಮೇಜಿನಲ್ಲಿ ತಮ್ಮದೇ ಬೋಳುತಲೆಯನ್ನು ಕಂಡು, ಇಷ್ಟು ಹೊಳಪು ಬೇಕಿರಲಿಲ್ಲ ಎಂದು ಗೊಣಗಿದ್ದು ನನಗೆ ಇನ್ನೂ ನೆನಪಿದೆ.

ಆ ಕೈಗೆ ಕೆಲಸ ಕಲಿಸಿದವನು ಅವನ ಅಣ್ಣ. ಇಬ್ಬರೂ ಒಂದೇ ಅಂಗಡಿಯಲ್ಲಿ ದುಡಿಯುತ್ತಿದ್ದಾಗ ಸ್ಪಿರಿಟ್ಟಿನ ಡಬ್ಬಕ್ಕೆ ಬೆಂಕಿ ತಗಲಿತು. ತಮ್ಮ ಹೊರಗೆ ಬಂದ, ಅಣ್ಣ ಬರಲಿಲ್ಲ. ಅಂದಿನಿಂದ ಕಣ್ಣು ಮುಚ್ಚಿದರೆ ಅವನಿಗೆ ಆ ಬೆಂಕಿಯ ಉರಿಯೇ ಕಾಣುತ್ತಿತ್ತು. ನಿದ್ದೆಗೆಂದು ಶುರುವಾದ ಕುಡಿತ ಹಗಲಿಗೂ ಹಬ್ಬಿತು. ಹೆಂಡತಿ ಹೊಲಿಗೆಯಲ್ಲಿ ಮನೆ ನಡೆಸಿದಳು. ಕುಡಿದ ದಿನ ಅವನು ಲವಂಗ ಅಗಿದು ಬರುತ್ತಿದ್ದ. ಅವಳು ಬಾಗಿಲಲ್ಲೇ ನಿಂತು ಮೂಸುತ್ತಿದ್ದಳು. ಲವಂಗದ ಹಿಂದೆ ಏನಿರುತ್ತದೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು.

ಒಂದು ದಿನ ಹಠ ಹಿಡಿದು ತಾನೇ ಕುಡಿತ ಬಿಡಲು ಹೋಗಿ, ಕೈಕಾಲು ನಡುಗಿ ಕೆಳಗೆ ಬಿದ್ದ. ಅಷ್ಟು ವರ್ಷ ಕುಡಿದವರು ಮನೆಯಲ್ಲೇ ದಿಢೀರನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ ಎಂದು ವೈದ್ಯರು ಅವನನ್ನು ಆಸ್ಪತ್ರೆಯಲ್ಲಿ ಇರಿಸಿಕೊಂಡು ಬಿಡಿಸಿದರು. ಮನೆಗೆ ಹೊರಡುವ ದಿನ ಹೆಂಡತಿ ಒಂದೇ ಮಾತು ಹೇಳಿದ್ದಳು: ಇನ್ನೊಮ್ಮೆ ಲವಂಗ ಅಗಿದು ಬಂದರೆ ಬಾಗಿಲು ತೆರೆಯುವುದಿಲ್ಲ.

ಆಸ್ಪತ್ರೆಯ ಮಹಡಿಯಲ್ಲಿ ಒಬ್ಬ ಆಪ್ತಸಮಾಲೋಚಕಿ ಇದ್ದರು. ಅವನು ಅಲ್ಲಿಗೆ ವಾರವಾರ ಹೋದ. ಕುಡಿತದ ಮಾತಿಗೆ ಬಂದರೆ ಇವರು ಬೆಂಕಿಯ ವಿಷಯ ಕೇಳುತ್ತಾರಲ್ಲ ಎಂದು ಮೊದಮೊದಲು ರೇಗಿದ. ಎರಡೂ ಒಂದೇ ದಾರಕ್ಕೆ ಬಿದ್ದ ಗಂಟುಗಳು ಎಂದರು ಅವರು. ಎಲ್ಲವನ್ನೂ ಒಮ್ಮೆಲೇ ಹೇಳೆಂದು ಒತ್ತಾಯಿಸಲಿಲ್ಲ. ಉರಿ ಕಣ್ಣೆದುರು ಬಂದಾಗ ಪಾದವನ್ನು ನೆಲಕ್ಕೆ ಊರಿ, ಕೈಗೆ ಸಿಕ್ಕ ಮರವನ್ನು ಸವರಿ, ಅದರ ಎಳೆಯನ್ನು ಬೆರಳಿನಿಂದ ಹಿಂಬಾಲಿಸಬೇಕೆಂದು ಹೇಳಿಕೊಟ್ಟರು. ಜೀವಮಾನವೆಲ್ಲ ಮರ ಉಜ್ಜಿದವನಿಗೆ ಮರ ಮುಟ್ಟುವ ಪಾಠವೇ ಎಂದು ಅವನಿಗೆ ನಗು ಬಂತು. ಕೆಳಗಿನ ಹಜಾರದಲ್ಲಿ ಕುಡಿತ ಬಿಟ್ಟವರು ವೃತ್ತಾಕಾರವಾಗಿ ಕುಳಿತು ಮಾತಾಡುತ್ತಿದ್ದರು. ಅಲ್ಲಿ ಸಿಕ್ಕ ಬಸ್ ಡ್ರೈವರ್ ಒಬ್ಬ, ಆಸೆಯಾದಾಗ ಬೈಸಿಕೊಳ್ಳಲಾದರೂ ನನಗೆ ಫೋನ್ ಮಾಡು ಎಂದು ನಂಬರ್ ಕೊಟ್ಟಿದ್ದ.

ಅವನು ಮತ್ತೆ ತನ್ನ ಪುಟ್ಟ ಅಂಗಡಿಯಲ್ಲಿ ಕೆಲಸಕ್ಕೆ ಕುಳಿತ. ಸಂಜೆಯಾದರೆ ಅಂಗಿಯಲ್ಲೆಲ್ಲ ಸ್ಪಿರಿಟ್ಟಿನ ವಾಸನೆ. ಹೆಂಡತಿ ತಪ್ಪು ತಿಳಿದಾಳೆಂಬ ಹೆದರಿಕೆಗೆ ಅಂಗಡಿಯ ನಲ್ಲಿಯಲ್ಲೇ ಪರಿಮಳದ ಸೋಪಿನಿಂದ ಕೈಮೈ ತೊಳೆದು, ಬೇರೆ ಅಂಗಿ ತೊಟ್ಟು, ಅಷ್ಟಕ್ಕೂ ಸಮಾಧಾನವಾಗದೆ ಲವಂಗ ಅಗಿದು ಮನೆಗೆ ಹೋದ. ಅವಳು ಮೂಸಿದಳು. ಚಿಲಕ ಬಿತ್ತು.

"ಕುಡಿದಿಲ್ಲ ಕಣೇ," ಎಂದ ಹೊರಗಿನಿಂದ.

"ಕುಡೀದೆ ಇರೋರು ಲವಂಗ ಯಾಕ್ರೀ ಅಗೀತಾರೆ?"

ಹೇಗೂ ಕುಡಿದವನೆಂದಾಯಿತು, ಕುಡಿದೇ ಬಿಡೋಣ ಎಂದು ಅವನ ಕಾಲು ಹೆಂಡದಂಗಡಿಯ ಹಳೆಯ ಬೀದಿಗೆ ತಿರುಗಿತು. ಬಸ್ ನಿಲ್ದಾಣದ ಬಳಿ ನಿಂತ. ಅಲ್ಲಿ ಹಳೆಯದೊಂದು ಮರದ ಬೆಂಚಿತ್ತು. ಕುಳಿತು, ಅದರ ಎಳೆಯ ಮೇಲೆ ಬೆರಳಾಡಿಸುತ್ತಾ ಡ್ರೈವರನಿಗೆ ಫೋನ್ ಮಾಡಿದ. ಡ್ರೈವರ್ ಬಂದು ತನ್ನ ಮನೆಗೆ ಕರೆದುಕೊಂಡು ಹೋದ. ಎಲ್ಲವನ್ನೂ ಕೇಳಿದ ಮೇಲೆ, "ಅವಳಿಗೆ ಮೂಗಿದೆ, ನಿಂಗೆ ಬುದ್ಧಿ ಇಲ್ಲ ತಮ್ಮಾ," ಎಂದ. "ಹೆಂಡ ಬಿಟ್ಟೋನು ದಿನಾ ಸ್ಪಿರಿಟ್ಟಲ್ಲಿ ಕೈ ಅದ್ಕೊಂಡು ಕೂತಿರ್ತೀಯಲ್ಲ, ಅದನ್ನ ಮಹಡಿ ಮೇಲಿನ ಮೇಡಂಗೆ ಹೇಳಿದ್ದೀಯಾ?"

ಹೇಳಿರಲಿಲ್ಲ. ಬೆಳಿಗ್ಗೆ ಡ್ರೈವರನೇ ಅವನನ್ನು ಮನೆಗೆ ಕರೆದೊಯ್ದು, ರಾತ್ರಿ ಅವನು ಕುಡಿದಿರಲಿಲ್ಲವೆಂದು ಹೆಂಡತಿಗೆ ಹೇಳಿದ. ಮುಂದಿನ ಸಲ ಸಮಾಲೋಚಕಿ ಗಂಡಹೆಂಡಿರಿಬ್ಬರನ್ನೂ ಕೂರಿಸಿಕೊಂಡರು. ಸ್ಪಿರಿಟ್ಟಿನ ವಾಸನೆಗೆ ಬೆಂಕಿಯೂ ನೆನಪಾಗುತ್ತದೆ, ಕುಡಿಯಬೇಕೆಂದು ಬಾಯಿಯೂ ಒಣಗುತ್ತದೆ ಎಂದು ಅವನು ಮೊದಲ ಬಾರಿ ಒಪ್ಪಿಕೊಂಡ. ಹಾಗಾದರೆ ಆ ಕೆಲಸ ಬಿಡಬಾರದೇ ಎಂದು ಅವರು ಕೇಳಿದರು.

"ಅಣ್ಣ ಕೊಟ್ಟ ಕೆಲಸ ಮೇಡಂ. ಬಿಟ್ರೆ, ಅವನನ್ನ ಇನ್ನೊಂದು ಸಲ ಒಳಗೇ ಬಿಟ್ಟು ಬಂದ ಹಾಗೆ."

ಹೆಂಡತಿ ಈ ಮಾತನ್ನು ಎಂದೂ ಕೇಳಿರಲಿಲ್ಲ. ಗಂಡನ ಕಡೆ ತಿರುಗಿ, "ಅವರು ಕಲಿಸಿದ್ದು ನಿಮ್ಮ ಕೈಗೆ ಅಲ್ವೇನ್ರೀ, ಆ ಡಬ್ಬಕ್ಕಾ?" ಎಂದಳು.

ಆ ವಾರವೇ ಸ್ಪಿರಿಟ್ಟಿನ ಡಬ್ಬಗಳು ಅಂಗಡಿಯಿಂದ ಹೋದವು. ಜೇನುಮೇಣ ಮತ್ತು ಎಣ್ಣೆಯಿಂದ ಮರ ಉಜ್ಜುವುದನ್ನು ಅವನು ಹೊಸದಾಗಿ ಕಲಿತ. ಕೈ ಅದೇ ಸುತ್ತು ಸುತ್ತಿತು, ಆದರೆ ಕನ್ನಡಿಯ ಹೊಳಪು ಬರಲಿಲ್ಲ. ಕೆಲವು ಗಿರಾಕಿಗಳು ಬೇರೆಯವರನ್ನು ಹುಡುಕಿಕೊಂಡರು. ಮುಖ ಕಾಣುವುದಿಲ್ಲವಲ್ಲ ಎಂದು ನಾನೂ ನನ್ನ ಓದುವ ಮೇಜನ್ನು ನೋಡಿ ಅಂದಿದ್ದೆ. "ಅದಕ್ಕೆ ಕನ್ನಡಿ ತಗೊಳ್ಳಿ ಮೇಷ್ಟ್ರೇ," ಎಂದು ನಗುತ್ತಾ ಉಜ್ಜುತ್ತಲೇ ಇದ್ದ. ಈ ಕಥೆಯನ್ನೆಲ್ಲ ಅವನು ಹೇಳಿದ್ದೂ ಆಗಲೇ.

ನಡುವೆ ಒಮ್ಮೆ ಜಾರಿದ್ದೂ ಉಂಟು. ಅಣ್ಣನ ತಿಥಿಯ ದಿನ ಅದು. ಆ ಸಂಜೆ ಅವನು ಲವಂಗ ಅಗಿಯಲಿಲ್ಲ. ಬಾಗಿಲಲ್ಲಿ ನಿಂತು, ಕುಡಿದಿದ್ದೇನೆ ಎಂದ. ಅವಳು ಚಿಲಕ ಹಾಕಲಿಲ್ಲ. ಒಳಗೆ ಕೂರಿಸಿ ಡ್ರೈವರನಿಗೆ ಫೋನ್ ಮಾಡಿದಳು. ಮರುದಿನ ಇಬ್ಬರೂ ಮಹಡಿ ಹತ್ತಿದರು. ಅಷ್ಟರಲ್ಲಿ ಅವಳೂ ಕುಡಿತ ಬಿಟ್ಟವರ ಕುಟುಂಬದವರಿಗೆಂದು ಅಲ್ಲೇ ನಡೆಯುತ್ತಿದ್ದ ಸಭೆಗೆ ಹೋಗತೊಡಗಿದ್ದಳು.

ಆಮೇಲೂ ಬಹುಕಾಲ ಅವಳು ದಿನವೂ ಮೂಸಲು ಬಾಗಿಲಿಗೆ ಬರುತ್ತಿದ್ದಳು. ಅವನೂ ಬೇಸರಿಸದೆ, ವೈದ್ಯರ ಮುಂದೆ ನಿಂತ ಮಗುವಿನಂತೆ ಬಾಯಿ ತೆರೆಯುತ್ತಿದ್ದ. ಒಂದು ಸಂಜೆ ಹಾಗೆಯೇ ಬಾಯಿ ತೆರೆದು ನಿಂತರೆ ಎದುರಿಗೆ ಯಾರೂ ಇರಲಿಲ್ಲ. ಒಳಗೆ ಹೊಲಿಗೆ ಯಂತ್ರದ ಸದ್ದು ನಿಲ್ಲಲೂ ಇಲ್ಲ.

"ಬಾಗಿಲು ಹಾಕ್ಕೊಂಡು ಬನ್ರೀ, ಗಾಳಿಗೆ ಬಟ್ಟೆ ಹಾರ್ತಿದೆ," ಎಂದಳು ಅಲ್ಲಿಂದಲೇ.

ಅವನು ಬಾಯಿ ಮುಚ್ಚಿಕೊಂಡು, ಬಾಗಿಲು ಹಾಕಿ ಒಳಗೆ ಹೋದ.