ಕಣಜದೊಳಗಿನ ತಂತಿ

ಜೋಳದ ಚೀಲ ಬಿಚ್ಚಿದಾಗ ಏಳುವ ಒಣ ಬೇವಿನ ಸೊಪ್ಪಿನ ಕಹಿ ವಾಸನೆಗೆ ನನ್ನ ಎದೆ ಇಂದಿಗೂ ಡವಡವ ಅನ್ನುತ್ತದೆ. ನಿಮ್ಮ ಮನೆಯಲ್ಲೂ ಒಂದು ಕಣಜ ಇದ್ದಿರಬಹುದು. ಕಟಕೋಳದ ನಮ್ಮ ಮನೆಯ ಆಳೆತ್ತರದ ಕಣಜ ಈಗಿಲ್ಲ. ಮನೆಯಿಲ್ಲ, ಆಯಿ ಇಲ್ಲ, ಕಾಕಾನೂ ಇಲ್ಲ. ಅಂಜಿಕೆ ಮಾತ್ರ ಉಳಿದಿದೆ. ನಾನು ಚಿಕ್ಕವಳಿದ್ದಾಗ ಒಂದು ವರ್ಷ ಅಪ್ಪನ ತಮ್ಮ ಕಾಕಾ, ಕಾಲಾಳು ಪಡೆಯ ಕ್ಯಾಪ್ಟನ್, ಗಡಿಯ ಯುದ್ಧದಲ್ಲಿದ್ದ. ಅವನ ತಾಯಿ, ನಮ್ಮ ಆಯಿ, ರೇಡಿಯೊದಲ್ಲಿ ವಾರ್ತೆ ಮುಗಿಯುವವರೆಗೂ ರೊಟ್ಟಿ ಹಿಟ್ಟಿಗೆ ಕೈ ಹಚ್ಚುತ್ತಿರಲಿಲ್ಲ.

ಒಂದು ಮಧ್ಯಾಹ್ನ ಎಲ್ಲರೂ ಹೊಲಕ್ಕೆ ಹೋಗಿದ್ದಾಗ ತಂತಿ ಬಂತು. ನಾಲ್ಕನೆಯ ಇಯತ್ತೆಯ ಹುಡುಗಿ ನಾನು, ಸಹಿ ಮಾಡಿ ಇಸಿದುಕೊಂಡೆ. ಹಿಂದಿನ ವರ್ಷ ಸಂಪಗಾಂವದ ಅತ್ತೆಯ ಮನೆಯಿಂದ ಇಂಥದ್ದೇ ತಂತಿ ಬಂದಿತ್ತು. ಅಪ್ಪ ಓದಿದ, ಅತ್ತೆ ಸತ್ತಳು. ಓದದಿದ್ದರೆ ಸಾಯುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಕಣಜ ಹತ್ತಿ, ಜೋಳದೊಳಗೆ ಮೊಳಕೈವರೆಗೆ ಕೈ ಇಳಿಸಿ, ಅದನ್ನು ಹುಗಿದುಬಿಟ್ಟೆ. ಅಂದಿನಿಂದ ಆಯಿ ಜೋಳಕ್ಕೆ ಹೊರಟರೆ ನಾನೇ ಮುಂದೋಡಿ, "ನಾ ತಗೀತೇನಿ ಬಿಡ ಆಯಿ" ಅನ್ನುತ್ತಿದ್ದೆ. "ಎಷ್ಟ ಶಾಣ್ಯಾಕಿ ಆಗೀದಿ ನನ ಕೂಸ!" ಎಂದು ಆಕೆ ಗಲ್ಲ ಸವರಿದರೆ ನನಗೆ ಬೆನ್ನೆಲ್ಲ ಬೆವರು.

ಮೂರು ತಿಂಗಳಿಗೆ ಕಾಕಾ ಬಂದ, ಕಂಕುಳಲ್ಲಿ ಊರುಗೋಲು. ಶೌರ್ಯಪದಕದ ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು; ಊರಿಗೆ ಊರೇ ಹಾರ ಹಾಕಿತು. ಹಾರಗಳ ನಡುವೆಯೇ ಆಯಿಯನ್ನು ಕೇಳಿದ:

"ಯವ್ವಾ, ಗುಂಡ ಬಿದ್ದೇತಿ, ಲಗೂನ ಬರ್ರಿ ಅಂತ ತಂತಿ ಹೊಡಿಸಿದ್ದೆ. ಮುಟ್ಟಲಿಲ್ಲೇನ? ದವಾಖಾನ್ಯಾಗ ದಿನಾ ಬಾಗಲಾ ನೋಡತಿದ್ದೆ."

ನಾನು ಆಯಿಯ ಸೆರಗಿನ ಹಿಂದೆ ಸರಿದೆ. ಕಾಕಾ ಒಮ್ಮೆ ನನ್ನ ಮುಖ ನೋಡಿದ. "ದಾರ್ಯಾಗ ಕಳದಿರಬೇಕ, ಬಿಡು" ಎಂದು ಆಯಿಗೆ ಹೇಳಿದ.

ಸಂಜೆ ಕಣಜದಿಂದ ತಂತಿಯನ್ನು ತೆಗೆದು ಅವನ ಕೈಗಿಟ್ಟು ಎಲ್ಲ ಹೇಳಿ ಅತ್ತುಬಿಟ್ಟೆ. ಕಾಕಾ ಅದನ್ನು ಬಿಚ್ಚದೆಯೇ ಕಿಸೆಗೆ ಹಾಕಿಕೊಂಡ.

"ನಾ ಸಾಯಬಾರದಂತ ಮುಚ್ಚಿಟ್ಟಿದ್ದಿ, ಹೌದಲ್ಲ? ಅಲ್ಲೆ ನಾನೂ ಭಾಳ ಅಂಜಿದ್ದೆ, ಮಗಳ. ಆಯಿಗೆ ಈ ಮಾತ ಬ್ಯಾಡ."

ಆಯಿ ಸಾಯುವವರೆಗೂ ಟಪಾಲಿನವರನ್ನು ಬೈದಳು, ಆಗ ಮಗನ ತಲೆ ನೇವರಿಸಲಾಗಲಿಲ್ಲವೆಂದು ಅತ್ತಳು. ನಾವಿಬ್ಬರೂ ಬಾಯಿ ಬಿಡಲಿಲ್ಲ.

ಕಳೆದ ತಿಂಗಳು ಕಾಕಾ ಮತ್ತೆ ಆಸ್ಪತ್ರೆಯಲ್ಲಿದ್ದ. ರಾಮದುರ್ಗದ ನನ್ನ ಅಡುಗೆಮನೆಯಲ್ಲಿ ಜೋಳ ಹಸನು ಮಾಡುತ್ತಿದ್ದಾಗ ಆಸ್ಪತ್ರೆಯಿಂದ ಮೊಬೈಲಿಗೆ ಫೋನು ಬಂತು. ನಲವತ್ತರ ಹತ್ತಿರದ ಹೆಂಗಸು ನಾನು, ಎತ್ತಲಿಲ್ಲ. ಅದನ್ನು ಚೀಲದ ಜೋಳದೊಳಗೆ ಮೊಳಕೈವರೆಗೆ ಹುಗಿದು ಕುಳಿತೆ. ಕಾಳಿನೊಳಗೆ ಅದು ಬಹಳ ಹೊತ್ತು ನಡುಗುತ್ತಲೇ ಇತ್ತು.