ಅವಳು ನೀರು ಮುಟ್ಟದ ದಿನ

ಖಾನಾಪುರದ ನನ್ನ ಗೆಳತಿ ಜೈನರ ಮನೆಯವಳು. ನಾವು ಬೆಳಗಾವಿಯ ಮಹಾಂತೇಶ ನಗರದ ಲಿಂಗವಂತರು. ಕಾಲೇಜಿನ ದಿನಗಳಿಂದ ಅವಳು ನಮ್ಮಲ್ಲಿ ಉಣ್ಣುತ್ತ ಬಂದಿದ್ದಾಳೆ. ಅವಳು ಬರುವ ದಿನ ಅವರು ತಿನ್ನದ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬಟಾಟಿಯನ್ನು ನಾನೂ ಮುಟ್ಟುವುದಿಲ್ಲ. ಅವಳಿಗೆಂದು ಪಾತ್ರೆಗಳನ್ನೂ ಬೇರೆ ಇಟ್ಟಿದ್ದೇನೆ. ಇದನ್ನು ನಾಲ್ಕು ಮಂದಿಯ ಎದುರು ಹೇಳಿಕೊಳ್ಳುವುದು ನನಗೆ ಬಲು ಇಷ್ಟ.

ಆ ದಿನ ಮಾತ್ರ ಅವಳು ಹೇಳದೆ ಕೇಳದೆ ಬೆಳಿಗ್ಗೆ ಒಂಬತ್ತಕ್ಕೇ ಬಂದಳು. ಒಲೆಯ ಮೇಲೆ ಬೆಳ್ಳುಳ್ಳಿ ಒಗ್ಗರಣೆ ಚಟಪಟ ಅನ್ನುತ್ತಿತ್ತು. ಚಹಾ ಬೇಡವೆಂದಳು. ನೀರು ಕೊಟ್ಟರೆ ಅದನ್ನೂ ಮುಟ್ಟಲಿಲ್ಲ. ಬೆಳ್ಳುಳ್ಳಿಯ ವಾಸನೆಗೇ ಹೇಸಿದಳು ಎಂದುಕೊಂಡೆ. ಇಷ್ಟು ವರ್ಷ ಮಾಡಿದ್ದೆಲ್ಲ ಮಣ್ಣುಪಾಲಾಯಿತು ಅನ್ನಿಸಿ, ನಮ್ಮ ಅಡುಗೆಮನೆ ಎಷ್ಟು ಚೊಕ್ಕ ಎಂದು ಬಡಬಡಿಸತೊಡಗಿದೆ. ನಡುವೆ ಅವಳು ಪರ್ಸಿನ ಜಿಪ್ ಎಳೆಯುತ್ತ ಕೇಳಿದಳು:

“ಇವತ್ತ ನಿನಗ ಬಿಡುವು ಐತೇನ?”

“ಬಿಡುವು ಇದ್ದಿದ್ರ ನಿನಗ ಬ್ಯಾರೆ ಅಡಗಿ ಮಾಡ್ತಿದ್ದಿಲ್ಲೇನ?” ಎಂದು ಕುಟುಕಿದೆ.

ಅವಳು ನನ್ನ ಮುಖ ನೋಡಿದಳು. ಬರ್ತೀನಿ ಎಂದು ಎದ್ದುಹೋದಳು.

ಎಂಟು ದಿನ ನನಗೆ ಅನ್ನ ರುಚಿಸಲಿಲ್ಲ. ಫೋನು ಸದ್ದಾದರೆ ಓಡುತ್ತಿದ್ದೆ. ನಾನಾಗಿಯೇ ಮಾಡಲು ಧೈರ್ಯವಿರಲಿಲ್ಲ. ಯಾರ ಮುಂದೆ ಏನು ಹೇಳಿದಳೋ, ಹಳೆಯ ಗೆಳತಿಯರಲ್ಲಿ ನನ್ನ ಮರ್ಯಾದೆ ಹರಾಜಾಯಿತೋ ಎಂಬ ಒಂದೇ ಚಿಂತೆ. ಒಂಬತ್ತನೆಯ ದಿನ ತಡೆಯಲಾರದೆ ಖಾನಾಪುರದ ರೈಲು ಹತ್ತಿದೆ. ದಾರಿಯುದ್ದಕ್ಕೂ ಸಮಜಾಯಿಷಿ ಬಾಯಿಪಾಠ ಮಾಡಿದೆ.

ಬಾಗಿಲು ತೆಗೆದ ಅವಳ ಮುಖ ಬಾಡಿತ್ತು. ನನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡೆ. ಕೂರುವ ಮೊದಲೇ ಬೆಳ್ಳುಳ್ಳಿಯ ಕಥೆ ತೆಗೆದೆ. ಎಲ್ಲ ಕೇಳಿಸಿಕೊಂಡು ಅವಳು ಮೆಲ್ಲಗೆ ಹೇಳಿದಳು:

“ಅವತ್ತ ನಿಮ್ಮ ಬೆಳಗಾವಿ ನೆಹರು ನಗರದ ದವಾಖಾನ್ಯಾಗ ನನ್ನ ಹೊಟ್ಟಿ ಸ್ಕ್ಯಾನಿಂಗ್ ಇತ್ತು. ನೀರೂ ಕುಡೀಬ್ಯಾಡ್ರಿ ಅಂದಿದ್ರು. ಒಬ್ಬಾಕಿ ಹೋಗಾಕ ಹೆದರಿಕಿ ಬಂತು. ನಿನ್ನ ಕರ್ಕೊಂಡು ಹೋಗೂಣು ಅಂತ ಬಂದಿದ್ದೆ.”

“ಹಂಗಾದ್ರ ನನ್ನ ಮ್ಯಾಲ ಸಿಟ್ಟಿಲ್ಲಲ್ಲ?”

“ಇಲ್ಲ” ಎಂದಳು.

ಎದೆಯ ಮೇಲಿನ ಭಾರ ಇಳಿಯಿತು. ಅವಳು ಅವಲಕ್ಕಿ ಮಾಡಿ ತಂದಳು. ಟೀಪಾಯಿಯ ಮೇಲೆ ಆಸ್ಪತ್ರೆಯ ದೊಡ್ಡ ಲಕೋಟೆ ಇತ್ತು; ಅದನ್ನು ಬಾಜುಕ್ಕೆ ಸರಿಸಿ ತಟ್ಟೆ ಇಟ್ಟುಕೊಂಡೆ. ಎರಡು ಸಲ ಚಹಾ ಕುಡಿದೆ, ಸೊಸೆಯ ಬಗ್ಗೆ ಮನಸಾರೆ ದೂರಿದೆ. ಅವಳು ಹೂಂ ಅನ್ನುತ್ತ ಕೂತಿದ್ದಳು.

ಸಂಜೆಯ ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹಗುರಾಗಿ ಕೂತೆ. ದೇಸೂರಿನಲ್ಲಿ ಗಾಡಿ ನಿಂತಾಗ ಬಾಜುಕ್ಕೆ ಸರಿಸಿದ ಆ ಲಕೋಟೆ ನೆನಪಾಯಿತು. ಸ್ಕ್ಯಾನಿಂಗಿನಲ್ಲಿ ಏನು ಬಂತು ಎಂದು ನಾನು ಕೇಳಿಯೇ ಇರಲಿಲ್ಲ.